ಭಾನುವಾರ ರಾತ್ರಿ 12 ಮಂದಿ ಊಟಕ್ಕೆ: ಗುರುವಾರವೇ ಒಲೆ ಹಚ್ಚಿ

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಕಲಬುರಗಿ ಕಡೆಯ ಯಾವ ಮನೆಗೆ ಹೋದರೂ ಅಡುಗೆಮನೆಯಲ್ಲಿ ಕೈಗೆ ಬಿಡುವಿರುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ತರಾವರಿ ಹಿಂಡಿ (ಚಟ್ನಿ ಪುಡಿ), ಕಾಳು-ತರಕಾರಿ ಎಲ್ಲ ಸೇರಿಸಿದ ಭಜ್ಜಿ. ಮರುದಿನ ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಎಲ್ಲರೂ ಕೂತು ಉಣ್ಣುತ್ತಾರೆ. ಅಲ್ಲಿ ಒಲೆ ಇಲ್ಲ, ತವಾ ಇಲ್ಲ. ಅಡುಗೆ ಮಾಡಿದವರೂ ಎಲ್ಲರ ಜೊತೆಗೇ ಕೂತು ಉಣ್ಣುತ್ತಾರೆ.

ಅದೇ ನಾವು ಊರೊಳಗಿನ ಮನೆಗೆ ನಾಲ್ಕು ಮಂದಿಯನ್ನು ರಾತ್ರಿ ಊಟಕ್ಕೆ ಕರೆದರೆ ಒಲೆ ಬಿಟ್ಟು ಕದಲುವುದಿಲ್ಲ. ಯಾಕೆ ಹೀಗೆ?

ಎರಡು ವರ್ಷದ ಹಿಂದೆ ನನ್ನ ತಂಗಿಯ ಗಂಡನ ಮನೆಯವರು ಮೊದಲ ಸಲ ನಮ್ಮ ಮನೆಗೆ ಬಂದರು. 11 ಮಂದಿ. ಬಿಸಿ ರೊಟ್ಟಿ, ಮೆಣಸಿನಕಾಯಿ ಭಜಿ, ಎರಡು ಪಲ್ಯ, ಚಿತ್ರಾನ್ನ, ಹೂರಣದ ಹೋಳಿಗೆ, ಎಲ್ಲವನ್ನೂ ಅವತ್ತೇ ಮಾಡುತ್ತೇನೆ ಅಂತ ಹೊರಟೆ. ಅವರು ಉಂಡು ಎದ್ದಾಗಲೂ ನಾನು ತವಾ ಮುಂದೆಯೇ ಇದ್ದೆ. ತಂಗಿಯ ಅತ್ತೆ ಎರಡು ಸಲ ಬಾಗಿಲಿಗೆ ಬಂದು, "ನೀವೂ ಬರ್ರಿ, ಕೂಡೇ ಉಣ್ಣೋಣು" ಅಂತ ಕರೆದರು. ಹೋಗಲು ಆಗಲಿಲ್ಲ. ಅವರ ಜೊತೆ ಹತ್ತು ನಿಮಿಷ ಕೂತು ಮಾತಾಡಲಿಲ್ಲ ಅನ್ನುವುದು ಈಗಲೂ ನನ್ನನ್ನು ಕಾಡುತ್ತದೆ. ಆಮೇಲೆ ನಾನು ಹೊಲದೂಟದ ಲೆಕ್ಕವನ್ನೇ ಮನೆಗೆ ತಂದೆ. ನಮ್ಮ ಕಡೆಯ ಅಡುಗೆ ಮೊದಲಿನಿಂದಲೂ ಕಟ್ಟಿಕೊಂಡು ಹೋಗುವುದಕ್ಕೆ, ಇಟ್ಟು ಉಣ್ಣುವುದಕ್ಕೆ ಆಗಿ ಬಂದಿರುವ ಅಡುಗೆ. ಅದನ್ನು ನಂಬಿದರೆ ಸಾಕು.

ಮೊದಲು ಪಟ್ಟಿ ಬರೆಯಿರಿ, ಆಮೇಲೆ ಹೊಡೆದು ಹಾಕಿ

ಮಾಡಬೇಕು ಅನ್ನಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದನ್ನು ನಿನ್ನೆ ಮಾಡಿಟ್ಟರೆ ಇವತ್ತು ರುಚಿ ಕೆಡುತ್ತದೆಯೇ? ಕೆಡುತ್ತದೆ ಅಂದರೆ ಹೊಡೆದು ಹಾಕಿ. ಭಜಿ ಹೋಯಿತು. ಬಿಸಿ ರೊಟ್ಟಿ ಹೋಯಿತು. ಪೂರಿಯೂ ಹೋಯಿತು. ಭಜಿ ಬಿಡುವುದು ಕಷ್ಟ, ನನಗೂ ಗೊತ್ತು. ಆದರೆ ಭಜಿ ಕರಿಯುವವರು ಮಾತಿಗೆ ಸಿಗುವುದಿಲ್ಲ.

ನನ್ನ ಹಾಳೆಯಲ್ಲಿ ಉಳಿದದ್ದು ಇಷ್ಟು. ಬಂದ ಕೂಡಲೇ ಕೊಡಲು ಚೂಡಾ ಮತ್ತು ಮಜ್ಜಿಗೆ. ಊಟಕ್ಕೆ ಖಡಕ್ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿ (ಗೋಂಗುರ) ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ, ಪಚಡಿ, ಅನ್ನ, ಬೇಳೆ ಸಾರು, ಮೊಸರು. ಸಿಹಿಗೆ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಭಾನುವಾರ ಹೊಸದಾಗಿ ಒಲೆ ಮೇಲೆ ಆಗುವುದು ಅನ್ನ ಒಂದೇ.

ಮಟನ್ ಉಣ್ಣುವ ಮನೆಯಾದರೆ ಅದನ್ನೂ ಶನಿವಾರವೇ ಮಾಡಿಡಬಹುದು. ಮಟನ್ ಸಾರು ಮರುದಿನ ಇನ್ನೂ ರುಚಿಯಾಗುತ್ತದೆ. ಆದರೆ ಬಂದವರಲ್ಲಿ ಸಸ್ಯಾಹಾರಿಗಳಿದ್ದರೆ ಪಾತ್ರೆ, ಸೌಟು ಎರಡೂ ಬೇರೆ ಇರಲಿ.

ಗುರುವಾರ: ಕೆಡದೇ ಇರುವುದೆಲ್ಲ

ಹಿಂಡಿ, ಚೂಡಾ, ಶೇಂಗಾ ಹೋಳಿಗೆ ಮೂರನ್ನೂ ಗುರುವಾರ ಸಂಜೆಯಿಂದ ಶುರು ಮಾಡಿ. ಚೂಡಾ, ಹಿಂಡಿ ಅಂದೇ ಮುಗಿಯುತ್ತವೆ. ಹೋಳಿಗೆ ಶುಕ್ರವಾರ ಬೆಳಗ್ಗೆಯವರೆಗೆ ಹೋದರೂ ತೊಂದರೆ ಇಲ್ಲ.

24 ಹೋಳಿಗೆಗೆ ಅರ್ಧ ಕಿಲೋ ಶೇಂಗಾ, 400 ಗ್ರಾಂ ಬೆಲ್ಲ, 50 ಗ್ರಾಂ ಎಳ್ಳು, ಐದಾರು ಏಲಕ್ಕಿ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಸಿಪ್ಪೆ ತಿಕ್ಕಿ ತೆಗೆದು ಪುಡಿ ಮಾಡಿ. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ. ಬೆಲ್ಲದ ಪುಡಿ ಸೇರಿಸಿ ಇನ್ನೊಂದು ಸುತ್ತು ತಿರುಗಿಸಿ, ಹುರಿದ ಎಳ್ಳು, ಏಲಕ್ಕಿ ಪುಡಿ ಕಲಸಿ. ಮುಷ್ಟಿ ಹಿಡಿದರೆ ನಿಲ್ಲಬೇಕು, ಬೆರಳು ಒತ್ತಿದರೆ ಒಡೆಯಬೇಕು. ಕಣಕವನ್ನು ಮೆತ್ತಗೆ ನಾದಿ ಒಂದು ತಾಸು ಬಿಟ್ಟು ಲಟ್ಟಿಸಿ, ಎಣ್ಣೆ ಹಾಕದೆ ಬೇಯಿಸಿದರೆ ಹೆಚ್ಚು ದಿನ ಇರುತ್ತದೆ. ತುಪ್ಪ ಬಡಿಸುವಾಗ ಹಾಕಿದರಾಯಿತು.

ಶುಕ್ರವಾರ: ರೊಟ್ಟಿ

ಮಾಲದಂಡಿ ಜೋಳದ ಹೊಸ ಹಿಟ್ಟು ತನ್ನಿ. ಹಳೆ ಹಿಟ್ಟಿನ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ, ಬಾಯಿಗೂ ಕಹಿ. 12 ಮಂದಿಗೆ ತಲಾ ಎರಡು, ಮೇಲೆ ಆರು. ಒಟ್ಟು 30. ತೆಳ್ಳಗೆ ಬಡಿದರೆ ಎರಡು ಕಿಲೋ ಹಿಟ್ಟು ಧಾರಾಳ ಸಾಕು.

ಖಡಕ್ ಆಗುವುದು ಬೇಯಿಸುವುದರಲ್ಲಿ ಅಲ್ಲ, ಒಣಗಿಸುವುದರಲ್ಲಿ. ಎರಡೂ ಮಗ್ಗುಲು ಬೆಂದ ರೊಟ್ಟಿಯನ್ನು ಸಣ್ಣ ಉರಿಯ ತವಾ ಮೇಲೆ ಬಟ್ಟೆಯಿಂದ ಒತ್ತುತ್ತಾ ತಿರುಗಿಸಿ. ನಡುವೆ ಬಿಳಿ ಇದ್ದದ್ದು ಬಾದಾಮಿ ಬಣ್ಣಕ್ಕೆ ಬರಬೇಕು, ಉಗುರಿನಿಂದ ತಟ್ಟಿದರೆ ಹಪ್ಪಳದ ಹಾಗೆ ಸದ್ದು ಬರಬೇಕು. ಆಮೇಲೆ ಒಂದರ ಮೇಲೊಂದು ಹಾಕಬೇಡಿ. ಫ್ಯಾನಿನ ಕೆಳಗೆ ಬಟ್ಟೆ ಮೇಲೆ ಹರವಿ ಪೂರ್ತಿ ಆರಿಸಿ. ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿದರೆ ಬೆವತು ಮೆತ್ತಗಾಗುತ್ತದೆ, ಎರಡನೇ ದಿನಕ್ಕೆ ಬೂಸು ಹಿಡಿದರೂ ಹಿಡಿಯಿತು.

ರೊಟ್ಟಿ ಬಡಿಯಲು ಬರುವುದಿಲ್ಲ ಅಂದರೆ ಕೊಂಡು ತನ್ನಿ. ನಾಚಿಕೆ ಏನೂ ಇಲ್ಲ. ಕಲಬುರಗಿಯಲ್ಲಿ ಮಹಿಳಾ ಸಂಘಗಳವರು ಮಾಡುವ ಖಡಕ್ ರೊಟ್ಟಿ ಓಣಿ ಓಣಿಯಲ್ಲಿ ಸಿಗುತ್ತದೆ, ಅವರ ಕೈ ನಮ್ಮ ಕೈಗಿಂತ ಪಳಗಿದೆ. ಎರಡು ದಿನ ಮೊದಲೇ ಹೇಳಿಡಿ.

ಶನಿವಾರ: ಎಣ್ಣೆಗಾಯಿ ಮತ್ತು ಪುಂಡಿ ಪಲ್ಯ

ನಿಜವಾದ ಅಡುಗೆ ನಡೆಯುವುದು ಇವತ್ತು. ಬೆಳಗ್ಗೆ ಸಂತೆಗೆ ಹೋಗಿ 24 ಸಣ್ಣ ಬದನೆಕಾಯಿ ಆರಿಸಿ ತನ್ನಿ. ಸುಮಾರು ಒಂದೂಕಾಲು ಕಿಲೋ ಆಗುತ್ತದೆ. ತೊಟ್ಟು ಹಸಿರಾಗಿರಬೇಕು, ಕೈಯಲ್ಲಿ ಹಗುರ ಅನ್ನಿಸಬೇಕು. ಭಾರ ಇದ್ದರೆ ಒಳಗೆ ಬೀಜ ಜಾಸ್ತಿ. ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡಿ ಉಪ್ಪು ನೀರಿಗೆ ಹಾಕಿ.

ಮಸಾಲೆಗೆ 200 ಗ್ರಾಂ ಹುರಿದ ಶೇಂಗಾ, ಎರಡು ಚಮಚ ಎಳ್ಳು, ಎರಡು ಚಮಚ ಗುರೆಳ್ಳು (ಹುಚ್ಚೆಳ್ಳು), ಅರ್ಧ ಬಟ್ಟಲು ಒಣಕೊಬ್ಬರಿ, ನಾಲ್ಕು ಉಳ್ಳಾಗಡ್ಡಿ, ಒಂದು ಗಡ್ಡೆ ಬಳ್ಳೊಳ್ಳಿ (ಬೆಳ್ಳುಳ್ಳಿ), ನಿಂಬೆಹಣ್ಣಿನಷ್ಟು ಹುಣಸೆ, ಅದರ ಅರ್ಧದಷ್ಟು ಬೆಲ್ಲ, ಮಸಾಲೆ ಖಾರ, ಉಪ್ಪು. ಉಳ್ಳಾಗಡ್ಡಿಯನ್ನು ಚೆನ್ನಾಗಿ ಕೆಂಪಗೆ ಹುರಿಯಿರಿ. ಹಸಿ ಉಳ್ಳಾಗಡ್ಡಿ ಹಾಕಿದ ಮಸಾಲೆ ಮರುದಿನ ವಾಸನೆ ಹೊಡೆಯುತ್ತದೆ. ಇದು ನಾನು ಒಂದು ಪಾತ್ರೆ ಎಣ್ಣೆಗಾಯಿ ಹಾಳು ಮಾಡಿಕೊಂಡು ಕಲಿತದ್ದು.

ತುಂಬಿದ ಬದನೆಕಾಯಿಯನ್ನು ಅಗಲ ಪಾತ್ರೆಯಲ್ಲಿ ಒಂದೇ ಸಾಲಾಗಿ ಇಟ್ಟು, ಎಣ್ಣೆಯಲ್ಲಿ ಸಣ್ಣಗೆ ಬೇಯಿಸಿ. ಇಲ್ಲೊಂದು ಮಾತು ನೆನಪಿಡಿ: ಪೂರ್ತಿ ಬೇಯಿಸಬೇಡಿ. ಚಾಕು ಇಳಿಯಬೇಕು, ಆದರೆ ತೊಟ್ಟಿನ ಹತ್ತಿರ ಸ್ವಲ್ಪ ಗಟ್ಟಿ ಉಳಿದಿರಬೇಕು. ಭಾನುವಾರ ಬಿಸಿ ಮಾಡುವಾಗ ಉಳಿದದ್ದು ಬೇಯುತ್ತದೆ. ಪೂರ್ತಿ ಬೆಂದದ್ದನ್ನು ಮತ್ತೆ ಒಲೆ ಮೇಲಿಟ್ಟರೆ ಕಾಯಿ ಕರಗಿ ಗೊಜ್ಜಾಗುತ್ತದೆ. ರಾತ್ರಿಯೆಲ್ಲಾ ಮಸಾಲೆಯಲ್ಲಿ ನೆನೆದ ಕಾಯಿಯ ಒಳಗೆ ಹುಳಿ-ಖಾರ ಇಳಿದಿರುತ್ತದೆ. ಅವತ್ತೇ ಮಾಡಿದ್ದಕ್ಕೆ ಆ ರುಚಿ ಇಲ್ಲ.

ಪುಂಡಿ ಪಲ್ಯಕ್ಕೆ ಸೋಸಿದ ಎಲೆ ಅರ್ಧ ಕಿಲೋ, ತೊಗರಿ ಬೇಳೆ 250 ಗ್ರಾಂ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ. ಎಲೆಯನ್ನು ಬೇರೆ ಕುದಿಸಿ ನೀರು ಬಸಿದರೆ ಹುಳಿ ಹದಕ್ಕೆ ಬರುತ್ತದೆ. ಬೇಳೆ, ನುಚ್ಚು ಬೆಂದ ಮೇಲೆ ಎಲ್ಲ ಸೇರಿಸಿ ಕಡೆಯಿರಿ. ಇದನ್ನು ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಸ್ಟೀಲ್‌ನಲ್ಲೇ ಇಡಿ. ಅಲ್ಯೂಮಿನಿಯಂನಲ್ಲಿ ಹುಳಿ ಪಲ್ಯ ರಾತ್ರಿಯಿಡೀ ಕೂತರೆ ಬಣ್ಣವೂ ಕೆಡುತ್ತದೆ, ಲೋಹದ ರುಚಿಯೂ ಇಳಿಯುತ್ತದೆ. ಬಳ್ಳೊಳ್ಳಿ ಒಗ್ಗರಣೆ ಭಾನುವಾರಕ್ಕೆ ಬಿಡಿ.

ಸಾರಿನ ಬೇಳೆಯನ್ನೂ ಇವತ್ತೇ ಕುಕ್ಕರಿಗೆ ಹಾಕಿ ತೆಗೆದಿಡಿ. 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮೇಲೆ ಸಿಗುವ ಭೌಗೋಳಿಕ ಗುರುತು) ಪಡೆದ ತೊಗರಿ ನಮ್ಮ ಜಿಲ್ಲೆಯದು. ಬಂದವರು ಬೆಂಗಳೂರು ಕಡೆಯವರಾದರೆ ಬೇಳೆ ಸಾರನ್ನು ತೆಳ್ಳಗೆ, ಖಾರ ಕಡಿಮೆ ಮಾಡಿ ಬಡಿಸಿ. ಬೇಳೆಯದೇ ರುಚಿ ಅವರಿಗೆ ಗೊತ್ತಾಗಲಿ.

ಆರಿಸುವುದು, ಇಡುವುದು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಡುಗೆ ಮೊದಲೇ ಮಾಡಿಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೆಂದ ಪದಾರ್ಥ ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಬಾರದು, ಬೇಸಿಗೆಯಲ್ಲಿ ಒಂದೇ ತಾಸು. ಹಾಗಂತ ಕುದಿಯುವ ಪಾತ್ರೆಯನ್ನು ನೇರವಾಗಿ ಫ್ರಿಜ್ಜಿಗೆ ತಳ್ಳಬೇಡಿ, ಪಕ್ಕದಲ್ಲಿರುವುದೂ ಬಿಸಿಯಾಗುತ್ತದೆ. ಪರಾತದಲ್ಲಿ ತಣ್ಣೀರು ತುಂಬಿ, ಪಲ್ಯವನ್ನು ಅಗಲ ಪಾತ್ರೆಗೆ ಹರವಿ ಅದರಲ್ಲಿಡಿ. ಮೇಲೆ ಫ್ಯಾನ್ ಹಾಕಿ. ಅರ್ಧ ತಾಸಿನಲ್ಲಿ ಆರುತ್ತದೆ. ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯಬೇಡಿ.

ಅನ್ನವನ್ನು ಮಾತ್ರ ಯಾಕೆ ಮೊದಲೇ ಮಾಡಬಾರದು ಅಂದರೆ, ಅಕ್ಕಿಯಲ್ಲಿರುವ ಕೆಲವು ಸೂಕ್ಷ್ಮಜೀವಿಗಳ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಸೆಕೆಯಲ್ಲಿ ಹೊರಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮೊಸರಿಗೂ ಬೇಸಿಗೆಯಲ್ಲಿ ಬೇರೆ ಲೆಕ್ಕ. ಶನಿವಾರ ರಾತ್ರಿ ಹೆಪ್ಪು ಹಾಕಿ ಬಿಟ್ಟರೆ ಭಾನುವಾರ ಬೆಳಗ್ಗೆಯೇ ಹುಳಿ. ಒಂದೂವರೆ ಲೀಟರ್ ಹಾಲಿಗೆ ಭಾನುವಾರ ಬೆಳಗ್ಗೆ 10ಕ್ಕೆ ಹೆಪ್ಪು ಹಾಕಿ, ಗಟ್ಟಿಯಾದ ಕೂಡಲೇ, ಮಧ್ಯಾಹ್ನ 3ರ ಹೊತ್ತಿಗೆ, ಫ್ರಿಜ್ಜಿಗೆ ಇಡಿ.

ಭಾನುವಾರ ಸಂಜೆ

ಊಟ 8:30ಕ್ಕೆ ಅಂದುಕೊಳ್ಳಿ. 6 ಗಂಟೆಗೆ ಗಜ್ಜರಿ, ಸವತೆಕಾಯಿ, ಉಳ್ಳಾಗಡ್ಡಿ, ಮೆಂತೆ ಸೊಪ್ಪು ಹೆಚ್ಚಿ ಮುಚ್ಚಿಡಿ. ಉಪ್ಪು, ನಿಂಬೆರಸ, ಶೇಂಗಾ ಪುಡಿ ಈಗ ಹಾಕಬೇಡಿ, ನೀರು ಬಿಡುತ್ತದೆ. ತಾಟು, ವಾಟಗಾ, ನೀರಿನ ತಂಬಿಗೆ ಹೊರಗೆ ತೆಗೆದಿಡಿ. 7ಕ್ಕೆ ಮುಖ ತೊಳೆದು ಸೀರೆ ಬದಲಿಸಿ. ಇದನ್ನೂ ನಾನು ಪಟ್ಟಿಯಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ಅದಕ್ಕೆ ಹೊತ್ತೇ ಸಿಗುವುದಿಲ್ಲ.

ಮಂದಿ ಬಂದಾಗ ಚೂಡಾ, ಮಜ್ಜಿಗೆ ಕೊಟ್ಟು ನೀವೂ ಕೂಡಿ. 7:45ಕ್ಕೆ ಎದ್ದು 750 ಗ್ರಾಂ ಅಕ್ಕಿ ತೊಳೆದಿಡಿ, ಎಣ್ಣೆಗಾಯಿಗೆ ಒಂದು ಬಟ್ಟಲು ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿಡಿ. ಶೇಂಗಾ ರಾತ್ರಿಯೆಲ್ಲಾ ನೀರು ಎಳೆದುಕೊಂಡು ಮಸಾಲೆ ಗಟ್ಟಿಯಾಗಿರುತ್ತದೆ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಸಾರು ಮತ್ತು ಪುಂಡಿ ಪಲ್ಯ ಎರಡೂ ತಳದಿಂದ ಗುಳ್ಳೆ ಬರುವವರೆಗೆ ಕುದಿಯಬೇಕು, ಸುಮ್ನೆ ಬೆಚ್ಚಗಾದರೆ ಸಾಲದು. 8ಕ್ಕೆ ಕುಕ್ಕರ್ ಇಡಿ. ಬಳ್ಳೊಳ್ಳಿ ಕೆಂಪಗೆ ಹುರಿದು ಪುಂಡಿ ಪಲ್ಯದ ಮೇಲೆ ಸುರಿಯಿರಿ. ಆ ವಾಸನೆ ಹೊರಗೆ ಕೂತವರಿಗೆ ಬಡಿದರೆ ಊಟಕ್ಕೆ ಬರ್ರಿ ಅಂತ ಬೇರೆ ಕರೆಯಬೇಕಿಲ್ಲ.

ಪಚಡಿ ಕಲಸಿ, ಎಲ್ಲ ಪಾತ್ರೆಗಳನ್ನೂ ನಡುಮನೆಗೆ ತಂದಿಟ್ಟು, ಎಲ್ಲರ ಜೊತೆಗೇ ಕೂಡಿ. ಮೊದಲ ಸುತ್ತು ನೀವು ಬಡಿಸಿ. ಎರಡನೇ ಸುತ್ತು ಯಾರ ಕೈಗೆ ಸೌಟು ಹತ್ತಿರವೋ ಅವರು ಬಡಿಸಲಿ, ಹೊಲದಲ್ಲಿ ಹಾಗೇ ಅಲ್ವಾ ನಡೆಯುವುದು? ಉಳಿದ ಖಡಕ್ ರೊಟ್ಟಿ, ಒಂದು ಪೊಟ್ಟಣ ಹಿಂಡಿಯನ್ನು ಹೊರಡುವವರ ಚೀಲಕ್ಕೆ ಹಾಕಿ. ಅನ್ನ ಉಳಿದರೆ ಊಟ ಮುಗಿದ ಕೂಡಲೇ ಹರವಿ ಆರಿಸಿ ಫ್ರಿಜ್ಜಿಗೆ ಇಟ್ಟರೆ ಸೋಮವಾರ ಬೆಳಗಿನ ಒಗ್ಗರಣೆ ಅನ್ನಕ್ಕಾಯಿತು.