ಶಿರಸಿಯ ಮಳೆಗೆ ಲಾನ್ ಉಳಿಸಿಕೊಳ್ಳುವುದು ಹೇಗೆ?

ನಮ್ಮ ಕಡೆ ಹುಲ್ಲು ಬೆಳೆಸುವುದು ಕಷ್ಟವೇ ಅಲ್ಲ. ಮಿರ್ಗದ ಮಳೆ ಎರಡು ದಿನ ಬಿದ್ದರೆ ಕಲ್ಲಿನ ಸಂದಿಯಲ್ಲೂ ಹಸಿರು ಏಳುತ್ತದೆ. ಕಷ್ಟ ಇರುವುದು ಕತ್ತರಿಸುವುದರಲ್ಲಿ. ನಮ್ಮ ಮನೆ ಎದುರಿನ ಲಾನ್ ಮೊದಲ ವರ್ಷವೇ ಹಾಳಾಯಿತು. ಆರಿದ್ರಾ ಮಳೆ ಹಿಡಿದದ್ದು ಬಿಡಲಿಲ್ಲ, ಮೂರು ವಾರ ಮಷಿನ್ ಹೊರಗೆ ತೆಗೆಯಲಿಲ್ಲ. ಹುಲ್ಲು ಗೇಣುದ್ದ ಬಂತು. ಒಂದು ಮಧ್ಯಾಹ್ನ ಸ್ವಲ್ಪ ಹೊಳವಾಯಿತು. ಮತ್ತೆ ಮಳೆ ಬರುವುದರೊಳಗೆ ಮುಗಿಸಬೇಕೆಂದು ನೆಲಕ್ಕೆ ತಾಗಿಸಿ ಹೊಡೆದೆ. ಉಳಿದದ್ದು ಬರೀ ಹಳದಿ ಕಡ್ಡಿ. ಅದರ ಮೇಲೆ ಪಾಚಿ ಬಂತು, ಚೌತಿ ಹೊತ್ತಿಗೆ ಅಂಗಳ ಕೆಸರು.

ಹುಲ್ಲಿಗೆ ಊಟ ತಯಾರಾಗುವುದು ಎಲೆಯಲ್ಲಿ. ಎಲೆಯನ್ನೆಲ್ಲ ಒಂದೇ ಸಲ ತೆಗೆದರೆ ಬೇರೂ ಸೊರಗುತ್ತದೆ. ಮಳೆಗಾಲದಲ್ಲಿ ಮೋಡ ಮುಚ್ಚಿ ಬಿಸಿಲೇ ಇರುವುದಿಲ್ಲ, ಹಾಗಾಗಿ ಚೇತರಿಸಿಕೊಳ್ಳುವುದು ಇನ್ನೂ ನಿಧಾನ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು. 6 ಸೆಂ.ಮೀ. ಇದ್ದರೆ 4ಕ್ಕೆ ಇಳಿಸಿ, ಸಾಕು. ಉದ್ದ ಬಿಟ್ಟುಹೋಗಿದ್ದರೆ ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬನ್ನಿ.

ಮೊದಲು ನೆಲ

ನಮ್ಮಲ್ಲಿ ಒಂದು ಮೊಳ ಅಗೆದರೆ ಚಿರೆಕಲ್ಲು ಸಿಗುವುದೇ ಜಾಸ್ತಿ. ಕಲ್ಲಿನ ಚೂರೆಲ್ಲ ಆರಿಸಿ ತೆಗೆಯಿರಿ, ಬ್ಲೇಡಿಗೆ ಸಿಕ್ಕರೆ ಗುಂಡಿನ ಹಾಗೆ ಹಾರುತ್ತವೆ. ಮನೆಯಿಂದ ಹೊರಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಡಿ, ನೀರು ನಿಂತರೆ ಹುಲ್ಲು ಕೊಳೆಯುತ್ತದೆ. ಹಳೆಯ ಸಗಣಿ ಗೊಬ್ಬರ ಧಾರಾಳವಾಗಿ ಬೆರೆಸಿ. ಇಷ್ಟು ಮಳೆ ಬೀಳುವ ಕಡೆ ಮಣ್ಣು ಹುಳಿಯಾಗಿರುತ್ತದೆ. ಪರೀಕ್ಷೆ ಮಾಡಿಸಿ, ಹುಳಿ ಜಾಸ್ತಿ ಇದ್ದರೆ 10 ಚದರ ಮೀಟರಿಗೆ 1 ಕೆ.ಜಿ. ಕೃಷಿ ಸುಣ್ಣ ಹಾಕಬಹುದು. ಸುಣ್ಣ ಹಾಕಿದ ಬೆನ್ನಿಗೇ ಯೂರಿಯಾ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಬಿಡಿ.

ಯಾವ ಹುಲ್ಲು?

ಬಿಸಿಲು ದಿನಕ್ಕೆ ಆರು ತಾಸು ಬೀಳುವ ಜಾಗಕ್ಕೆ ಗರಿಕೆಯೇ ಸರಿ. ಕಾರವಾರ, ಅಂಕೋಲಾದ ಕಡಲ ಬದಿಯ ಮರಳು ನೆಲಕ್ಕೂ ಉಪ್ಪುಗಾಳಿಗೂ ಅದು ತಾಳಿಕೊಳ್ಳುತ್ತದೆ. ಮಾವು, ಹಲಸಿನ ನೆರಳಿದ್ದರೆ ನರ್ಸರಿಯವರು ಬಫಲೋ ಗ್ರಾಸ್ ಎನ್ನುವ ಅಗಲ ಎಲೆಯದ್ದು ಹಾಕಿ. ಗರಿಕೆ 3ರಿಂದ 4 ಸೆಂ.ಮೀ., ಬಫಲೋ 5 ಸೆಂ.ಮೀ. ಎತ್ತರ ಇರಲಿ. ಮಳೆಗಾಲದಲ್ಲಿ ಎರಡಕ್ಕೂ ಇನ್ನೊಂದು ಸೆಂಟಿಮೀಟರ್ ಸೇರಿಸಿ.

ಕತ್ತರಿಸುವ ದಿನ

ತೋಟದ ಕಳೆ ಹೊಡೆಯುವ ನೈಲಾನ್ ದಾರದ ಮಷಿನ್ ಎಲ್ಲರ ಮನೆಯಲ್ಲೂ ಇರುತ್ತದೆ, ಅದರಲ್ಲೇ ಲಾನ್ ಹೊಡೆಯುತ್ತಾರೆ. ದಯವಿಟ್ಟು ಬೇಡ. ಅದು ಹುಲ್ಲನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಎರಡು ದಿನ ಬಿಟ್ಟು ಒಂದು ಎಲೆ ಕಿತ್ತು ಬೆರಳ ಮೇಲಿಟ್ಟು ನೋಡಿ. ತುದಿ ಹರಿದ ಪಂಚೆ ಅಂಚಿನ ಹಾಗೆ ಎಳೆ ಎಳೆಯಾಗಿ, ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹರಿತ ಬ್ಲೇಡಿನಲ್ಲಿ ಕೊಯ್ದ ತುದಿ ನೇರವಾಗಿ, ಹಸಿರಾಗಿಯೇ ಇರುತ್ತದೆ. ಹರಿದ ತುದಿಯಿಂದಲೇ ಶಿಲೀಂಧ್ರ ರೋಗ ಒಳಗೆ ಹೋಗುವುದು. ಮೊಂಡಾದ ಬ್ಲೇಡೂ ಇದೇ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಸಾಣೆ ಹಿಡಿಸಿ.

ಎಲೆಯ ಮೇಲಿನ ನೀರು ಆರುವ ತನಕ ಕಾಯಿರಿ. ಅಂಗೈಯಿಂದ ಸವರಿ, ಕೈ ಒದ್ದೆಯಾದರೆ ಇನ್ನೂ ಹೊತ್ತಿದೆ. ಕರೆಂಟಿನ ಮಷಿನ್ ಆದರೆ ಒದ್ದೆ ಹುಲ್ಲಿನ ಮೇಲೆ ಆನ್ ಮಾಡಲೇಬೇಡಿ. ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ, ಕಾಲಿಗೆ ಬೂಟು ಇರಲಿ. ಒಂದು ವಾರ ಉದ್ದಕ್ಕೆ ಹೋದರೆ ಮುಂದಿನ ವಾರ ಅಡ್ಡಕ್ಕೆ ಹೋಗಿ, ಹುಲ್ಲು ಒಂದೇ ಕಡೆ ಮಲಗುವುದಿಲ್ಲ. ಕತ್ತರಿಸಿದ ಹುಲ್ಲು ಸಣ್ಣಗಿದ್ದರೆ ಅಲ್ಲೇ ಬಿಡಿ, ಗೊಬ್ಬರವಾಗುತ್ತದೆ. ಮುದ್ದೆ ಮುದ್ದೆಯಾಗಿ ಕೂತರೆ ಗುಡಿಸಿ ಗೊಬ್ಬರ ಗುಂಡಿಗೆ ಹಾಕಿ.

ಕಳೆ, ಗೊಬ್ಬರ, ನೀರು

ಜೇಕನ್ನು ಸುಮ್ನೆ ಎಳೆದರೆ ಮೇಲಿನ ಹುಲ್ಲು ಮಾತ್ರ ಕೈಗೆ ಬರುತ್ತದೆ. ಕೆಳಗೆ ಕರಿಮಣಿ ಪೋಣಿಸಿದ ಹಾಗೆ ಗಡ್ಡೆಗಳಿರುತ್ತವೆ, ಚೂಪಾದ ಗುದ್ದಲಿಯಿಂದ ಅವನ್ನೇ ಎತ್ತಬೇಕು. ಮುಟ್ಟಿದರೆ ಮುನಿಯನ್ನು ಬೀಜ ಆಗುವ ಮೊದಲೇ, ನೆಲ ಮೆತ್ತಗಿರುವಾಗ ಬೇರು ಸಮೇತ ಕೀಳಿ. ಅಂಚಿನಲ್ಲಿ ಹಬ್ಬುವ ಒಂದೆಲಗವನ್ನು ಮಾತ್ರ ನಾನು ಕೀಳುವುದಿಲ್ಲ. ತಂಬುಳಿಗೆ ಬೇಕಲ್ವಾ?

ಯೂರಿಯಾ 100 ಚದರ ಮೀಟರಿಗೆ 1 ಕೆ.ಜಿ. ಸಾಕು. ಜುಲೈ ಮಳೆಯಲ್ಲಿ ಹಾಕಿದ್ದು ಕಾಲುವೆ ಸೇರುತ್ತದೆ. ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಕೊನೆಗೆ ಹಾಕಿ ನೀರು ಬಿಡಿ.

ಬೇಸಿಗೆಯಲ್ಲಿ ವಾರಕ್ಕೆ ಸುಮಾರು 25 ಮಿ.ಮೀ. ನೀರು ಬೇಕು. ಲಾನ್ ಮಧ್ಯೆ ನೆಟ್ಟಗಿನ ಡಬ್ಬಿ ಇಡಿ, ಎರಡೂವರೆ ಸೆಂ.ಮೀ. ತುಂಬಿದರೆ ಅಷ್ಟಾಯಿತು. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೆ ಎರಡು ಸಲ, ಬೆಳಿಗ್ಗೆ, ಆಳಕ್ಕೆ ಇಳಿಯುವ ಹಾಗೆ ಬಿಡಿ. ಏಪ್ರಿಲ್‌ನಲ್ಲಿ ಬಾವಿ ತಳ ಕಂಡರೆ ಲಾನಿಗೆ ನೀರು ನಿಲ್ಲಿಸಿಬಿಡಿ. ಕುಡಿಯುವ ನೀರು ಮೊದಲು. ಚೆನ್ನಾಗಿ ಬೇರು ಬಿಟ್ಟ ಗರಿಕೆ ಒಣಗಿ ಕಂದಾದರೂ ಬೇರಿನಲ್ಲಿ ಜೀವ ಹಿಡಿದಿರುತ್ತದೆ, ಮೊದಲ ಮಳೆಗೆ ಚಿಗುರುತ್ತದೆ.

ಇನ್ನೊಂದು ಕೆಲಸ. ಶ್ರಾವಣ ಬಂದ ಮೇಲೆ ಪಾಗಾರದ ಬದಿಯಲ್ಲಿ ಒಂದು ಮಾರು ಗರಿಕೆಯನ್ನು ಕತ್ತರಿಸದೆ, ಔಷಧಿ ಸೋಕಿಸದೆ ಬಿಡಿ. ಚೌತಿಯ ಬೆಳಿಗ್ಗೆ ಮೂರೆಸಳಿನ ಕುಡಿ ಇಪ್ಪತ್ತೊಂದು ಅಲ್ಲೇ ಸಿಗುತ್ತವೆ.