ಮಾತು ಬಾರದ ಮಗುವಿಗೆ ಜೊತೆಗಾರ ಮಕ್ಕಳು

ಕಲಬುರಗಿ ಕಡೆಯ ಅಂಗನವಾಡಿ ಅಕ್ಕಂದಿರಿಗೆ, ತಾಯಂದಿರಿಗೆ ಒಂದು ಸಲಹೆ. ಆಟಿಸಂ (ಇತರರ ಜೊತೆ ಬೆರೆಯೋದು, ಮಾತಾಡೋದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇದ್ದು ಮಾತು ಇನ್ನೂ ಬಾರದ ಮಗುವಿಗೆ ಎಲ್ಲಾ ದೊಡ್ಡವರೇ ಕಲಿಸಬೇಕಂತಿಲ್ಲ. ಅದೇ ವಯಸ್ಸಿನ ಒಂದಿಬ್ಬರು ಮಕ್ಕಳಿಗೆ ಸ್ವಲ್ಪ ಹೇಳಿಕೊಟ್ಟರ ಅವರೇ ಛಲೋ ಜೊತೆಗಾರರಾಗ್ತಾರ.

ಹೇಳಿಕೊಡೋದು ಇಷ್ಟೇ: ಎದುರಿಗೆ ಕೂಡು, ಹೆಸರು ಹಿಡಿದು ಕರಿ, ಚೆಂಡು ತೋರಿಸು, ಆಮೇಲೆ ಸುಮ್ಮನೆ ಕಾಯಿ. ಈ ಕಾಯೋದೇ ಮುಖ್ಯ. ಹತ್ತು ಎಣಿಸುವಷ್ಟು ಹೊತ್ತಾದರೂ ಬಿಡಬೇಕು. ಮಗು ಚೆಂಡಿನ ಕಡೆ ನೋಡಿದರೂ, ಕೈ ಚಾಚಿದರೂ, ಮುಂದೆ ಇಟ್ಟ ಚೆಂಡಿನ ಚಿತ್ರದ ಕಾರ್ಡ್ ಮುಟ್ಟಿದರೂ ಅದು ಉತ್ತರವೇ. ತಕ್ಷಣ ಚೆಂಡು ಕೊಡಬೇಕು. "ಬಾಯಿಬಿಟ್ಟು ಕೇಳಿದ್ರೇನೇ ಕೊಡ್ತೀನಿ" ಅಂತ ಸತಾಯಿಸೋದು ಬೇಡವೇ ಬೇಡ. ಚಿತ್ರದ ಕಾರ್ಡ್ ಕೊಟ್ಟರ ಮಾತೇ ಬರೋದಿಲ್ಲ ಅಂತ ಮನೆಯ ಹಿರಿಯರು ಹೆದರ್ತಾರ. ಕಾರ್ಡ್ ಮಾತನ್ನು ತಡೆಯೋದಿಲ್ಲ, ಅವರಿಗೂ ತಿಳಿಸಿ ಹೇಳ್ರಿ.

ಗದ್ದಲದಾಗ ಶುರು ಮಾಡಬ್ಯಾಡ್ರಿ. ಮಗು ಎದ್ದು ಹೋದರ ಎಳೆದು ಕೂಡಿಸಬ್ಯಾಡ್ರಿ. ಜೊತೆಗಾರ ಮಗುವಿಗೂ ಬೇಸರ ಬರ್ತದ, ಸರದಿ ಬದಲಿಸ್ರಿ. ಅದೂ ಸಣ್ಣ ಕೂಸೇ.

ಇನ್ನೂ ತಪಾಸಣೆ ಆಗಿಲ್ಲಂದ್ರ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ತಂಡದ ಡಾಕ್ಟರಿಗೆ ತೋರಿಸ್ರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ, ಹಾಗಾಗಿ ಅಂಗವಿಕಲತೆಯ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು.