ಕೋಲಾರದಲ್ಲಿ ಸೇಲ್ಸ್ ಕೆಲಸ: ನಾನು ಕಲಿತ ಬಗೆ

ನಾನು ಶುರು ಮಾಡಿದ್ದು ಡ್ರಿಪ್ ಪೈಪ್, ಅಂದ್ರೆ ಹನಿ ನೀರಾವರಿ ಪೈಪ್ ಮಾರುವುದರಿಂದ. ಮೊದಲ ವಾರ ಕ್ಯಾಟಲಾಗ್ ಬಾಯಿಪಾಠ ಒಪ್ಪಿಸಿದೆ, ಒಂದು ಮೀಟರೂ ಹೋಗಲಿಲ್ಲ. ನೀವು ಹಾಗೆ ಮಾಡಬೇಡಿ. ಬೆಳಗ್ಗೆ ಎಪಿಎಂಸಿ ಮಾರುಕಟ್ಟೆಗೆ ಹೋಗಿ ಸುಮ್ನೆ ನಿಲ್ಲಿ. 15 ಕೆಜಿ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು ನೋಡಿ. ರೇಟು ಬಿದ್ದ ದಿನ ಪೈಪ್ ಮಾತು ಎತ್ತಲೇಬೇಡಿ, ರೈತರ ಜೊತೆ ಟೀ ಕುಡಿದು ಬನ್ನಿ.

ತೋಟಕ್ಕೆ ಹೋದರೆ ಕೇಳಬೇಕಾದದ್ದು ಇಷ್ಟೇ: ಬೋರ್‌ವೆಲ್‌ನಲ್ಲಿ ಎಷ್ಟು ಇಂಚು ನೀರು, ಎಷ್ಟು ಎಕರೆ, ಡ್ರಿಪ್ಪರ್ (ನೀರು ಹನಿಯುವ ತೂತು) ಎಲ್ಲಿ ಕಟ್ಟಿಕೊಳ್ಳುತ್ತದೆ? ಇಲ್ಲಿ ಗಡಸು ನೀರು ಜಾಸ್ತಿ ಅಲ್ವಾ, ಕೊನೆಯ ಪ್ರಶ್ನೆಗೇ ಅರ್ಧ ಗಂಟೆ ಮಾತಾಡುತ್ತಾರೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ವಾರ ಬಿಟ್ಟು ಮತ್ತೆ ಹೋಗಿ. ನನ್ನ ಮೊದಲ ಆರ್ಡರ್ ಸಿಕ್ಕಿದ್ದು ನಾಲ್ಕನೇ ಭೇಟಿಗೆ.

ಮುಳಬಾಗಿಲು ಕಡೆಗೆ ನಾಲ್ಕು ಮಾತು ತೆಲುಗು ಬೇಕು. ಕಮಿಷನ್, ಪೆಟ್ರೋಲ್ ಖರ್ಚು ಎರಡನ್ನೂ ಸೇರುವಾಗಲೇ ಬರೆಸಿಕೊಳ್ಳಿ. ನನಗೆ ಮೂರು ತಿಂಗಳು ಸಿಕ್ಕಿದ್ದು ಬರೀ ಬಾಯಿಮಾತು.